ಅಮೆರಿಕದ ಹಳೆಯ ಕಾಲೇಜು ಫುಟ್‌ಬಾಲ್ ಸ್ಮರಣಿಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. 1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ತಂಡವನ್ನು 6-4ರಿಂದ ಸೋಲಿಸಿದ ಪಂದ್ಯವನ್ನು ಮೊದಲ ಕಾಲೇಜು ಪಂದ್ಯವೆಂದು ಎಣಿಸುತ್ತಾರೆ. ಅಲ್ಲಿಂದೀಚೆಗೆ ಪ್ರತಿ ಶರತ್ಕಾಲದ ಶನಿವಾರವೂ ಏನಾದರೊಂದು ಕಾಗದ, ಬಟ್ಟೆ, ಬಿಲ್ಲೆ ಉಳಿದುಹೋಗಿದೆ. ಅದನ್ನು ಕೂಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಕೆಳಗಿದೆ.

ಎಲ್ಲಿಂದ ಶುರು ಮಾಡಬೇಕು?

ಒಂದು ಕಾಲೇಜು, ಒಂದು ದಶಕ ಅಥವಾ ಒಂದು ಜಿದ್ದಿನ ಜೋಡಿ ಆರಿಸಿಕೊಳ್ಳಿ. ಹಾರ್ವರ್ಡ್-ಯೇಲ್, ಆರ್ಮಿ-ನೇವಿ (ಭೂಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ತಂಡಗಳು), ಮಿಷಿಗನ್-ಓಹಾಯೋ ಸ್ಟೇಟ್ ಹೀಗೆ. ಸಿಕ್ಕಿದ್ದನ್ನೆಲ್ಲ ಕೊಳ್ಳುವವರ ಮನೆಯಲ್ಲಿ ಎರಡು ವರ್ಷಕ್ಕೆ ಗುಡ್ಡೆ ಬೀಳುತ್ತದೆಯೇ ಹೊರತು ಸಂಗ್ರಹ ಆಗುವುದಿಲ್ಲ. ಯಾವುದೋ ಕಾಲೇಜಿನಲ್ಲಿ ನೀವೋ ಮನೆಯವರೋ ಓದಿದ್ದರೆ ಅದೇ ಸರಿಯಾದ ಆರಂಭ. ಹೆಸರುಗಳೂ ಜಾಗಗಳೂ ಗೊತ್ತಿರುವುದರಿಂದ ಮೋಸ ಹೋಗುವುದು ಕಡಿಮೆ.

ಮೊದಲು ಕೊಳ್ಳಲು ಯುದ್ಧಾನಂತರದ, ಅಂದರೆ 1946ರಿಂದ 1970ರವರೆಗಿನ ಪ್ರೋಗ್ರಾಂ ಪುಸ್ತಿಕೆಗಳು (ಪಂದ್ಯದ ದಿನ ಮೈದಾನದಲ್ಲಿ ಮಾರುತ್ತಿದ್ದ ಪುಸ್ತಿಕೆಗಳು) ಒಳ್ಳೆಯವು. ಆಗ ಕ್ರೀಡಾಂಗಣಗಳು ತುಂಬಿ ತುಳುಕುತ್ತಿದ್ದವು, ಪುಸ್ತಿಕೆಗಳನ್ನು ಸಾವಿರಗಟ್ಟಲೆ ಅಚ್ಚು ಹಾಕುತ್ತಿದ್ದರು, ಹಾಗಾಗಿ ಇಂದಿಗೂ ಸಾಧಾರಣ ಬೆಲೆಗೆ ಸಿಗುತ್ತವೆ. ಓದುವುದಕ್ಕೂ ತುಂಬಾ ಇರುತ್ತದೆ.

ಪ್ರೋಗ್ರಾಂ ಪುಸ್ತಿಕೆ ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ಪುಟ ಎಣಿಸಿ. ಪುಸ್ತಿಕೆಯ ನಟ್ಟನಡುವಿನ ಎರಡು ಪುಟಗಳಲ್ಲಿ ಎರಡೂ ತಂಡಗಳ ಆಟಗಾರರ ಪಟ್ಟಿ ಇರುವುದು ವಾಡಿಕೆ. ಸುತ್ತ ಸಿಗರೇಟಿನದೋ ಕೋಕಾ-ಕೋಲಾದ್ದೋ ಜಾಹೀರಾತು. ಪಂದ್ಯ ನೋಡುವಾಗ ಜನ ಅದೊಂದೇ ಹಾಳೆ ಕಿತ್ತು ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆದ್ದರಿಂದ ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಪುಸ್ತಿಕೆಯಲ್ಲೂ ನಡುವಿನ ಹಾಳೆ ಮಾಯವಾಗಿರುವುದುಂಟು. ಮಾರುವವರಿಗೆ ನಡುಪುಟದ ಫೋಟೋ ಕಳಿಸಲು ಹೇಳಿ. ಸ್ಟೇಪಲ್ ಪಿನ್ನಿನ ಎರಡು ಕಾಲುಗಳು ಅಲ್ಲೇ ಕಾಣಬೇಕು. ಬಿಡಿ ಹಾಳೆಯಾಗಿ ಸೇರಿಸಿದ ಪಟ್ಟಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಬೆನ್ನು ಸೀಳಿದೆಯೇ, ಕೂಪನ್ ಕತ್ತರಿಸಿದ್ದಾರೆಯೇ, ನೀರು ಕುಡಿದು ಪುಟಗಳು ಅಂಟಿಕೊಂಡಿವೆಯೇ, ಉದ್ದಕ್ಕೆ ಮಡಚಿ ಕೋಟಿನ ಜೇಬಿಗೆ ಸೇರಿಸಿದ ಗೆರೆ ಇದೆಯೇ ನೋಡಿ. ಈ ಜೇಬಿನ ಮಡಿಕೆ ಬಹಳ ಸಾಮಾನ್ಯ, ಬೆಲೆ ಅರ್ಧಕ್ಕಿಳಿಸಿ ಕೇಳಲು ಅದೊಂದೇ ಸಾಲದು. ಆದರೆ ಹಳದಿಗಟ್ಟಿದ ಸೆಲೋಟೇಪ್ ಕಂಡರೆ ಹಿಂದೆ ಸರಿಯಿರಿ. ಟೇಪಿನ ಅಂಟು ಕಾಗದದೊಳಗೆ ಇಳಿದು ಎಣ್ಣೆಕಲೆಯ ಹಾಗೆ ಹರಡುತ್ತದೆ. ಮನೆಯಲ್ಲಿ ಅದನ್ನು ತೆಗೆಯುವ ಉಪಾಯವಿಲ್ಲ.

ಪೆನ್ಸಿಲಿನಲ್ಲಿ ಅಂಕ ಬರೆದಿದ್ದರೆ? ಹರಾಜಿನವರು ಬೆಲೆ ಇಳಿಸುತ್ತಾರೆ. ನಮ್ಮ ಮಟ್ಟಿಗೆ ಅದು ಪುಸ್ತಿಕೆಯ ಅತ್ಯುತ್ತಮ ಭಾಗ. ಎರಡನೆಯ ಕ್ವಾರ್ಟರಿನಲ್ಲಿ (ಪಂದ್ಯದ ನಾಲ್ಕು ಕಾಲುಭಾಗಗಳಲ್ಲಿ ಒಂದು) ಯಾರ ಹೆಸರಿನ ಪಕ್ಕ ಗೀಟು ಬಿದ್ದಿದೆ, ಯಾವಾಗ ಬರೆಯುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ ಎಂಬುದರಿಂದ ಪಂದ್ಯ ಹೇಗೆ ಹೋಯಿತೆಂದು ಗೊತ್ತಾಗುತ್ತದೆ. ರಬ್ಬರಿನಿಂದ ಅಳಿಸಬೇಡಿ.

ಪುಸ್ತಿಕೆಯ ಮೇಲೆ ವರ್ಷವೇ ಇಲ್ಲ. ಪತ್ತೆ ಹೇಗೆ?

ತಿಂಗಳು, ತಾರೀಖು ಹಾಕಿ ವರ್ಷ ಬಿಟ್ಟ ಪುಸ್ತಿಕೆ, ಟಿಕೆಟ್‌ಗಳು ಬೇಕಾದಷ್ಟಿವೆ. ವಾರ ಮತ್ತು ತಾರೀಖು ಎರಡೂ ಇದ್ದರೆ ಅರ್ಧ ಕೆಲಸ ಮುಗಿದಂತೆ. ‘ಶನಿವಾರ, ಅಕ್ಟೋಬರ್ 18’ ಎಂದಿದೆ ಎಂದುಕೊಳ್ಳಿ. 1920ರಿಂದ 1960ರ ನಡುವೆ ಆ ತಾರೀಖು ಶನಿವಾರ ಬಿದ್ದದ್ದು 1924, 1930, 1941, 1947, 1952, 1958ರಲ್ಲಿ ಮಾತ್ರ. ಈ ಆರರಲ್ಲಿ ಆ ಎರಡು ತಂಡಗಳು ಎದುರಾದದ್ದು ಯಾವ ವರ್ಷ ಎಂದು ಕಾಲೇಜಿನ ಹಳೆಯ ವೇಳಾಪಟ್ಟಿಯಲ್ಲಿ ನೋಡಿದರೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ತಾರೀಖೂ ಇಲ್ಲದಿದ್ದರೆ ಜಾಹೀರಾತು ಓದಿ. ಅಮೆರಿಕದ ವಿಳಾಸಗಳಲ್ಲಿ ಐದಂಕಿಯ ಜಿಪ್ ಕೋಡ್ ಬಂದದ್ದು 1963ರ ಜುಲೈನಲ್ಲಿ. ಅದಕ್ಕೆ ಮೊದಲು, 1943ರಿಂದ, ದೊಡ್ಡ ಊರುಗಳ ಹೆಸರಿನ ಮುಂದೆ ಒಂದೆರಡು ಅಂಕಿಯ ಅಂಚೆ ವಲಯ ಹಾಕುತ್ತಿದ್ದರು. ‘ಷಿಕಾಗೊ 11’ ಎಂದಿದ್ದರೆ ಅಂದಾಜು 1943ರಿಂದ 1963ರ ನಡುವಿನದು. ಆಟಗಾರರ ಪಟ್ಟಿ ಇನ್ನೂ ಗಟ್ಟಿ ಸಾಕ್ಷಿ: ಒಬ್ಬನೇ ಆಟಗಾರ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಕಾಲ ಪಟ್ಟಿಯಲ್ಲಿರಲು ಸಾಧ್ಯವಿಲ್ಲ, ಮೂರು ಹೆಸರುಗಳನ್ನು ಹಿಡಿದು ಹುಡುಕಿದರೆ ವರ್ಷ ತಾನೇ ಬಿಗಿಯಾಗುತ್ತದೆ.

ಹುಡುಕಲು ಎಲ್ಲಕ್ಕಿಂತ ಒಳ್ಳೆಯ ಜಾಗ ವಿದ್ಯಾರ್ಥಿ ಪತ್ರಿಕೆಗಳ ಡಿಜಿಟಲ್ ಸಂಗ್ರಹ. ಮಿಷಿಗನ್ ಡೈಲಿ, ಹಾರ್ವರ್ಡ್ ಕ್ರಿಮ್ಸನ್, ಡೈಲಿ ಇಲಿನೈಯ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ದಾಖಲೆ ವಿಭಾಗ ಹಳೆಯ ಫುಟ್‌ಬಾಲ್ ಪ್ರೋಗ್ರಾಂಗಳನ್ನೇ ಸ್ಕ್ಯಾನ್ ಮಾಡಿ ಹಾಕಿದೆ. ನಿಮ್ಮ ಪ್ರತಿಯಲ್ಲಿ ಪುಟ ಕಡಿಮೆಯಿದೆಯೇ ಎಂದು ತಾಳೆ ನೋಡಲೂ ಅದು ಸಾಕು.

ಒಂದೇ ಮುಖಪುಟ ಚಿತ್ರ ಎರಡು ಬೇರೆ ಕಾಲೇಜುಗಳ ಪುಸ್ತಿಕೆಯಲ್ಲಿದೆ. ಒಂದು ನಕಲಿಯೇ?

ಅಲ್ಲ. 1930ರ ದಶಕದಿಂದ ಮುಖಪುಟಗಳನ್ನು ಸಗಟಾಗಿ ಅಚ್ಚು ಹಾಕಿ ಮಾರುವ ಕಂಪನಿಗಳಿದ್ದವು. ಕಾಲೇಜು ತನ್ನ ಹೆಸರು, ಎದುರಾಳಿಯ ಹೆಸರು, ತಾರೀಖನ್ನು ಖಾಲಿ ಬಿಟ್ಟ ಜಾಗದಲ್ಲಿ ಮುದ್ರಿಸಿಕೊಳ್ಳುತ್ತಿತ್ತು. ಲಾನ್ ಕೆಲ್ಲರ್ ಎಂಬ ಕಲಾವಿದರ ಚಿತ್ರಗಳು ಹೀಗೆ ದೇಶದ ಉದ್ದಗಲಕ್ಕೂ ಹೋದವು. ಅವರ ಚಿತ್ರಗಳಿಗಾಗಿಯೇ ಕೊಳ್ಳುವವರಿದ್ದಾರೆ.

ಮರುಮುದ್ರಣವನ್ನು ಕಂಡುಹಿಡಿಯುವುದು ಹೇಗೆ?

ಎರಡು ಉಪಕರಣ ಸಾಕು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ನೇರಳಾತೀತ ಟಾರ್ಚ್.

ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿ. ಮೂಲ ಮುದ್ರಣದಲ್ಲಿ ಅಕ್ಷರದ ಅಂಚು ಗಟ್ಟಿ, ಒಂದೇ ಬಣ್ಣ. ಅಚ್ಚುಮೊಳೆಯಿಂದ ಮುದ್ರಿಸಿದ್ದರೆ ಕಾಗದದ ಹಿಂಬದಿ ತುಸು ಉಬ್ಬಿರುತ್ತದೆ. ಮೂಲ ಪುಸ್ತಿಕೆಯನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದಾಗ ಅಕ್ಷರವೂ ಚಿತ್ರದ ಹಾಗೆ ಚುಕ್ಕೆಚುಕ್ಕೆಯಾಗುತ್ತದೆ, ಅಂಚು ಮಸುಕಾಗುತ್ತದೆ. ಮೂಲ ಪ್ರತಿಯಲ್ಲಿದ್ದ ಸುಕ್ಕು, ಕಲೆಗಳು ಕೂಡ ಅಚ್ಚಾಗಿಬಿಟ್ಟಿರುತ್ತವೆ: ಕಣ್ಣಿಗೆ ಮಡಿಕೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ.

ಕತ್ತಲೆಯಲ್ಲಿ ನೇರಳಾತೀತ ಬೆಳಕು ಬಿಟ್ಟಾಗ ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ರಾಸಾಯನಿಕವಿದೆ ಎಂದರ್ಥ. ಅದು ಕಾಗದಕ್ಕೆ ವ್ಯಾಪಕವಾಗಿ ಬಂದದ್ದು ಸುಮಾರು 1950ರ ನಂತರ. 1920ರ ದಶಕದ್ದು ಎನ್ನುವ ಟಿಕೆಟ್ ಹೊಳೆದರೆ ವಾಪಸ್ ಕೊಡಿ. ಹೊಳೆಯದಿದ್ದರೆ ಅಸಲಿ ಎಂದೇನಲ್ಲ; ಹಳೆಯ ಪುಸ್ತಕದ ಖಾಲಿ ಹಾಳೆಯ ಮೇಲೆ ಮುದ್ರಿಸುವ ಚಾಲಾಕಿಗಳೂ ಇದ್ದಾರೆ.

ಟಿಕೆಟಿನಲ್ಲಿ ಹರಿದ ತುಣುಕು ಮೇಲೋ, ಪೂರ್ತಿ ಟಿಕೆಟ್ ಮೇಲೋ?

ಮಾರುಕಟ್ಟೆಯಲ್ಲಿ ಪೂರ್ತಿ ಟಿಕೆಟಿಗೆ ಬೆಲೆ ಜಾಸ್ತಿ. ಆದರೆ ಪೂರ್ತಿ ಟಿಕೆಟ್ ಎಂದರೆ ಯಾರೂ ಅದನ್ನು ಹಿಡಿದು ಗೇಟು ದಾಟಿಲ್ಲ ಎಂದೇ ಅರ್ಥ. ನೆನಪಿಗಾಗಿ ಕೂಡಿಸುವವರು ತುಣುಕನ್ನೇ ಹುಡುಕುವುದು ಅದಕ್ಕೆ.

ಟಿಕೆಟಿನಲ್ಲಿ ಮೈದಾನದ ಹೆಸರು ತಾರೀಖಿಗೆ ಹೊಂದುತ್ತದೆಯೇ ನೋಡಿ. ನೋಟರ್ ಡೇಮ್ ಕ್ರೀಡಾಂಗಣ ಶುರುವಾದದ್ದು 1930ರಲ್ಲಿ. ಅದಕ್ಕೆ ಮೊದಲು ಊರಿನ ಪಂದ್ಯಗಳು ಕಾರ್ಟಿಯರ್ ಫೀಲ್ಡಿನಲ್ಲಿ. ಮಿಷಿಗನ್ನಿನ ಈಗಿನ ಕ್ರೀಡಾಂಗಣ 1927ರದು, ಹಿಂದಿನದು ಫೆರ್ರಿ ಫೀಲ್ಡ್. ಓಹಾಯೋ ಕ್ರೀಡಾಂಗಣ 1922, ಯೇಲ್ ಬೌಲ್ 1914. ಹೊಸ ವರ್ಷದ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ರೋಸ್ ಬೌಲ್ ಪಂದ್ಯ ಮೊದಲು ನಡೆದದ್ದು 1902ರಲ್ಲಿ, ಆದರೆ ಆ ಹೆಸರಿನ ಕ್ರೀಡಾಂಗಣ ಬಂದದ್ದು ಇಪ್ಪತ್ತು ವರ್ಷ ತಡವಾಗಿ. ಇನ್ನೊಂದು ವಿಚಿತ್ರ: ಪರ್ಲ್ ಹಾರ್ಬರ್ ದಾಳಿಯ ನಂತರ 1942ರ ಜನವರಿ 1ರ ರೋಸ್ ಬೌಲ್ ಪಂದ್ಯವನ್ನು ಕ್ಯಾಲಿಫೋರ್ನಿಯಾದಿಂದ ನಾರ್ತ್ ಕೆರೊಲಿನಾದ ಡರ್ಹಮ್‌ಗೆ ಸಾಗಿಸಿದರು. ಆರೆಗನ್ ಸ್ಟೇಟ್ 20, ಡ್ಯೂಕ್ 16. ಆ ಪಂದ್ಯದ ಡರ್ಹಮ್ ಟಿಕೆಟ್ ನೋಡಿ ‘ಊರೇ ತಪ್ಪಿದೆ’ ಎಂದು ಬಿಟ್ಟುಬಿಡಬೇಡಿ.

ಹಳೆಯ ಪೆನ್ನೆಂಟ್ ಗುರುತಿಸುವುದು ಹೇಗೆ?

ಪೆನ್ನೆಂಟ್ ಎಂದರೆ ಕಾಲೇಜಿನ ಹೆಸರಿರುವ ತ್ರಿಕೋನ ಬಾವುಟ. ಹಳೆಯವು ಉಣ್ಣೆಯ ಫೆಲ್ಟಿನವು. ಮೊದಮೊದಲು ಅಕ್ಷರಗಳನ್ನು ಬೇರೆ ಬಣ್ಣದ ಫೆಲ್ಟಿನಲ್ಲಿ ಕತ್ತರಿಸಿ ಹೊಲಿಗೆ ಹಾಕುತ್ತಿದ್ದರು. ತಿರುಗಿಸಿದರೆ ಹಿಂಬದಿಯಲ್ಲಿ ಅಕ್ಷರದ ಆಕಾರಕ್ಕೇ ಹೊಲಿಗೆ ಓಡಿರುವುದು ಕಾಣುತ್ತದೆ. ಆಮೇಲೆ ಬಣ್ಣ ಮುದ್ರಿಸುವ ಪದ್ಧತಿ ಬಂತು. ಇತ್ತೀಚಿನವು ಬಹುತೇಕ 12 × 30 ಇಂಚಿಗೆ ನಿಂತಿವೆ. ಹಳೆಯವು ಅಂಗೈಯಗಲದಿಂದ ಆರಡಿಯವರೆಗೂ ಇವೆ. ಅಗಲದ ತುದಿಯಲ್ಲಿ ಬೇರೆ ಬಣ್ಣದ ಪಟ್ಟಿ ಹೊಲಿದು, ಕೋಲಿಗೆ ಕಟ್ಟಲು ಲಾಡಿ ಬಿಟ್ಟಿರುತ್ತಾರೆ.

ಉಣ್ಣೆಯೋ ಅಕ್ರಿಲಿಕ್ಕೋ ಎಂಬ ಅನುಮಾನ ಬಂದರೆ ಅಂಚಿನಿಂದ ತಾನಾಗಿ ಉದುರಿದ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆಯ ದಾರ ನೇರಳಾತೀತ ಬೆಳಕಿನಲ್ಲಿ ಹೊಳೆದರೆ ದಾರವಾದರೂ ಹೊಸದು.

ತಯಾರಕರ ಚೀಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆಯಿಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಕಾರ್ಲೈಲ್ ಇಂಡಿಯನ್ ಶಾಲೆಯ (ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿದ್ದ ಶಾಲೆ) ಹೆಸರಿನವುಗಳಲ್ಲಿ. ಹೆಸರಾಂತ ಆಟಗಾರ ಜಿಮ್ ಥೋರ್ಪ್ ಆಡಿದ, 1911ರಲ್ಲಿ ಹಾರ್ವರ್ಡನ್ನು 18-15ರಿಂದಲೂ 1912ರಲ್ಲಿ ಆರ್ಮಿಯನ್ನು 27-6ರಿಂದಲೂ ಸೋಲಿಸಿದ ಆ ಶಾಲೆ 1918ರಲ್ಲೇ ಮುಚ್ಚಿತು. ಅಸಲಿ ವಸ್ತುಗಳು ಕಡಿಮೆ, ಕೇಳುವವರು ಬಹಳ. ಇಂಥದ್ದನ್ನು ಹಿಂದುಮುಂದು ಗೊತ್ತಿಲ್ಲದೆ ಫೋಟೋ ನೋಡಿ ಕೊಳ್ಳುವುದು ಬೇಡ.

ಪೆನ್ನೆಂಟಿಗೆ ನುಸಿ ಹಿಡಿದಿದೆ. ಏನು ಮಾಡಲಿ?

ಮೊದಲು ಬೇರೆ ಉಣ್ಣೆ ವಸ್ತುಗಳಿಂದ ದೂರ ಇಡಿ. ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಾಯಿ ಭದ್ರವಾಗಿ ಮುಚ್ಚಿ ಫ್ರೀಜರಿನಲ್ಲಿಡಿ. ಮೈನಸ್ 20 ಡಿಗ್ರಿ ಮುಟ್ಟುವ ಫ್ರೀಜರಾದರೆ ಒಂದು ವಾರ. ಮನೆಯ ಸಾಮಾನ್ಯ ಫ್ರಿಜ್ಜಿನ ಮೇಲಿನ ಖಾನೆಯಾದರೆ ಎರಡು ವಾರ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಿ. ಕೂಡಲೇ ಬಿಚ್ಚಿದರೆ ತಣ್ಣನೆಯ ಫೆಲ್ಟಿನ ಮೇಲೆ ಗಾಳಿಯ ತೇವ ಕೂತು ಬಣ್ಣ ಹಬ್ಬುತ್ತದೆ. ಕೆಂಪು ಬಣ್ಣ ಬಿಳಿ ಅಕ್ಷರಕ್ಕೆ ಇಳಿದರೆ ಮತ್ತೆ ಬರಿಸಲಾಗುವುದಿಲ್ಲ. ಉಳಿದ ಮೊಟ್ಟೆಗಳಿಗಾಗಿ ಇನ್ನೊಮ್ಮೆ ಇದೇ ಸುತ್ತು ಮಾಡಿ.

ನಂತರ ಸತ್ತ ಹುಳು, ದೂಳು ತೆಗೆಯಬೇಕು. ಪೆನ್ನೆಂಟಿನ ಮೇಲೆ ಸೊಳ್ಳೆಪರದೆಯ ಬಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಎಳೆತಕ್ಕಿಟ್ಟು ಬಲೆಯ ಮೇಲಿಂದ ಆಡಿಸಿ. ನೀರು, ಸೋಪು, ಇಸ್ತ್ರಿ ಯಾವುದೂ ಬೇಡ. ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದಂತೂ ಬೇಡವೇ ಬೇಡ. ಮೂಲೆಯ ತೂತುಗಳೆಲ್ಲ ಹಾಗೆ ಆದವೇ.

ನುಸಿಗುಳಿಗೆ ಹಾಕಬಹುದೇ ಎಂದು ನಮ್ಮ ಕಡೆಯವರು ಕೇಳುತ್ತಾರೆ. ಬೇಡ. ಅದರ ಆವಿ ಹಳೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಪಕ್ಕದಲ್ಲಿ ಸೆಲ್ಯುಲಾಯ್ಡ್ ಬಿಲ್ಲೆಗಳಿದ್ದರೆ ಹಾಳು.

ಎದೆಗೆ ಚುಚ್ಚುವ ಬಿಲ್ಲೆಗಳ ಬಗ್ಗೆ ಏನು ತಿಳಿದಿರಬೇಕು?

ಹಳೆಯ ಬಿಲ್ಲೆಯಲ್ಲಿ ನಾಲ್ಕು ಭಾಗ: ತಗಡಿನ ಬಿಲ್ಲೆ, ಅದರ ಮೇಲೆ ಅಚ್ಚಾದ ಕಾಗದ, ಕಾಗದದ ಮೇಲೆ ತೆಳ್ಳನೆಯ ಸೆಲ್ಯುಲಾಯ್ಡ್ ಹಾಳೆ, ಎಲ್ಲವನ್ನೂ ಹಿಂದಿನಿಂದ ಬಿಗಿಹಿಡಿಯುವ ಲೋಹದ ಉಂಗುರ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನೀರು ಉಂಗುರದ ಸಂದಿನಿಂದ ಒಳಗಿಳಿದು ಕಾಗದಕ್ಕೆ ಕಂದು ಕಲೆ ಹತ್ತುತ್ತದೆ. ಕಲೆ ಸೆಲ್ಯುಲಾಯ್ಡಿನ ಅಡಿಯಲ್ಲಿರುವುದರಿಂದ ಯಾರೂ ತೆಗೆಯಲಾರರು. ಒಣ ಹತ್ತಿಬಟ್ಟೆ ಸಾಕು.

ನ್ಯೂವಾರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯ ಬಿಲ್ಲೆಯ ಹಿಂದೆ ಕಂಪನಿಯ ಹೆಸರಿನ ಕಾಗದ ಅಂಟಿಸಿ 1896ರ ಪೇಟೆಂಟ್ ತಾರೀಖು ಹಾಕಿರುತ್ತಾರೆ. ಬಿಲ್ಲೆ ಮಾಡಿದ ವರ್ಷ ಅದೇ ಎಂದು ಮಾರುವವರು ಹೇಳಿದರೆ ನಂಬಬೇಡಿ, ಅದೇ ಕಾಗದವನ್ನು ವರ್ಷಗಟ್ಟಲೆ ಬಳಸಿದ್ದಾರೆ.

ಬಿಲ್ಲೆಗೆ ರೇಷ್ಮೆ ರಿಬ್ಬನ್ನೂ ಪುಟ್ಟ ಚೆಂಡಿನ ಗೊಂಡೆಯೂ ಇದ್ದರೆ ರಿಬ್ಬನ್ನನ್ನು ಮಡಚದೆ, ಬಿಲ್ಲೆಯ ಭಾರ ಬೀಳದಂತೆ ಚಪ್ಪಟೆಯಾಗಿ ಇಡಿ. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣ ಕುಡಿಸುತ್ತಿದ್ದರು. ಅಂಥ ರೇಷ್ಮೆ ತನ್ನಷ್ಟಕ್ಕೇ ಉದ್ದುದ್ದ ಸೀಳುತ್ತದೆ.

ಆಟಗಾರರ ಕಾರ್ಡುಗಳಲ್ಲಿ ಕಾಲೇಜಿನವು ಯಾವುವು?

ಆಟಗಾರರ ಚಿತ್ರವಿರುವ ಪುಟ್ಟ ರಟ್ಟಿನ ಕಾರ್ಡುಗಳಿವು. 1894ರ ಮೇಯೊ ತಂಬಾಕು ಕಂಪನಿಯ ಕಾರ್ಡುಗಳು ಅತಿ ಹಳೆಯ ಸಾಲಿನವು: 35 ಕಾರ್ಡು, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಆಟಗಾರರು. ಅದರಲ್ಲೊಂದಕ್ಕೆ ಹೆಸರೇ ಅಚ್ಚಾಗಿಲ್ಲ. ಹಾರ್ವರ್ಡಿನ ಡನ್‌ಲಪ್ ಎಂದು ಗುರುತಿಸಿದ್ದಾರೆ, ಸರಣಿಯಲ್ಲಿ ಅದೇ ಅತಿ ದುಬಾರಿ. ಇದು ಸಾಮಾನ್ಯರ ಕೈಗೆಟುಕುವುದಲ್ಲ.

ಕೈಗೆಟುಕುವುದು ಟಾಪ್ಸ್ ಕಂಪನಿಯ 1955ರ ಆಲ್-ಅಮೆರಿಕನ್ ಸರಣಿ, 100 ಕಾರ್ಡು. ಥೋರ್ಪ್, ಕೋಚ್ ಕ್ನೂಟ್ ರಾಕ್ನೆ, ‘ನಾಲ್ವರು ಕುದುರೆ ಸವಾರರು’ ಎಂದು ಹೆಸರಾದ ನೋಟರ್ ಡೇಮಿನ ನಾಲ್ವರು ಆಟಗಾರರು ಎಲ್ಲರೂ ಇದರಲ್ಲಿದ್ದಾರೆ. ಗೇನೆಲ್ ಟಿನ್ಸ್‌ಲಿ ಮತ್ತು ವಿಝರ್ ವೈಟ್ ಕಾರ್ಡುಗಳ ಹಿಂಬದಿ ಕೆಲವು ಪ್ರತಿಗಳಲ್ಲಿ ಅದಲುಬದಲಾಗಿದೆ. ಆ ತಪ್ಪು ಮುದ್ರಣಕ್ಕೆ ಬೆಲೆ ಹೆಚ್ಚು. (ಈ ವೈಟ್ 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಬೈರನ್ ವೈಟ್.) ಕಾರ್ಡಿನ ಅಳತೆ 2.625 × 3.625 ಇಂಚು. ಈಗ ಅಂಗಡಿಯಲ್ಲಿ ಸಿಗುವ ಮಾಮೂಲು ಕವಚ 2.5 × 3.5 ಇಂಚಿನ ಕಾರ್ಡಿಗೆ ಮಾಡಿದ್ದು. ಒತ್ತಿ ತುರುಕಿದರೆ ಮೂಲೆಗಳು ಚಪ್ಪಟೆಯಾಗುತ್ತವೆ. ದೊಡ್ಡ ಅಳತೆಯದನ್ನೇ ಕೇಳಿ ಕೊಳ್ಳಿ. ಹಾಗೆಯೇ ಕಾರ್ಡ್ ಮಾಮೂಲು ಕವಚದಲ್ಲಿ ಸಲೀಸಾಗಿ ಕೂತರೆ ಯಾರೋ ಅಂಚು ಕತ್ತರಿಸಿದ್ದಾರೆ ಎಂದು ತಿಳಿಯಿರಿ.

1950ರ ಟಾಪ್ಸ್ ಫೆಲ್ಟ್ ಬ್ಯಾಕ್ ಇನ್ನೊಂದು ಮುದ್ದಾದ ಸರಣಿ. ಸುಮಾರು 2.2 × 3.7 ಸೆಂಟಿಮೀಟರ್, ಹಿಂಬದಿಗೆ ಕಾಲೇಜಿನ ಪೆನ್ನೆಂಟ್ ಚಿತ್ರದ ಫೆಲ್ಟ್. ಮುಂದೆ ಕೋಚ್ ಆಗಿ ಹೆಸರಾದ ಜೋ ಪಟರ್ನೊ ಬ್ರೌನ್ ವಿಶ್ವವಿದ್ಯಾಲಯದ ಆಟಗಾರನಾಗಿ ಇದರಲ್ಲಿದ್ದಾರೆ.

ಹಸ್ತಾಕ್ಷರ ಅಸಲಿಯೇ ಎಂದು ಮನೆಯಲ್ಲೇ ನೋಡಬಹುದೇ?

ಅಸಲಿ ಎಂದು ಮನೆಯಲ್ಲಿ ಸಾಬೀತು ಮಾಡಲಾಗುವುದಿಲ್ಲ. ನಕಲಿ ಎಂದು ಮಾತ್ರ ಎಷ್ಟೋ ಸಲ ಐದು ನಿಮಿಷದಲ್ಲಿ ಹೇಳಬಹುದು, ಪೆನ್ನಿನ ಚರಿತ್ರೆ ಗೊತ್ತಿದ್ದರೆ. ಅಮೆರಿಕದಲ್ಲಿ ಬಾಲ್‌ಪೆನ್ ಮಾರಾಟಕ್ಕೆ ಬಂದದ್ದು 1945ರ ಅಕ್ಟೋಬರಿನಲ್ಲಿ. ಶಾರ್ಪಿ ಮಾರ್ಕರ್ 1964ರಲ್ಲಿ. ಈಗ ಸಾವಿನ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಿ. ನೋಟರ್ ಡೇಮಿನ ಜಾರ್ಜ್ ಗಿಪ್ 1920ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೋಚ್ ರಾಕ್ನೆ 1931ರ ಮಾರ್ಚ್ 31ರ ವಿಮಾನ ಅಪಘಾತದಲ್ಲಿ ಹೋದರು. ಅಯೋವಾದ ನೈಲ್ ಕಿನಿಕ್, 1939ರ ಹೈಸ್ಮನ್ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿ) ವಿಜೇತ, 1943ರ ಜೂನ್ 2ರಂದು ನೌಕಾಪಡೆಯ ತರಬೇತಿ ಹಾರಾಟದಲ್ಲಿ ಸತ್ತರು. ಇವರ ಹೆಸರು ಬಾಲ್‌ಪೆನ್ನಿನಲ್ಲಿದ್ದರೆ ಮುಂದೆ ಯೋಚಿಸುವುದೇ ಬೇಡ. ಸಿರಾಕ್ಯೂಸ್‌ನ ಎರ್ನಿ ಡೇವಿಸ್, ಹೈಸ್ಮನ್ ಗೆದ್ದ ಮೊದಲ ಕಪ್ಪುವರ್ಣೀಯ ಆಟಗಾರ, 1963ರ ಮೇ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಶಾರ್ಪಿಯಲ್ಲಿ ಸಹಿ ಹಾಕಿರಲು ಸಾಧ್ಯವಿಲ್ಲ.

ಫೌಂಟನ್ ಪೆನ್ನಿನ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳು ಒಂದರ ಮೇಲೊಂದು ಹಾದಲ್ಲಿ ಶಾಯಿ ದಟ್ಟವಾಗಿರಬೇಕು. ಎಲ್ಲ ಕಡೆಯೂ ಒಂದೇ ದಟ್ಟಣೆ ಇದ್ದು ಅಂಚಿನಲ್ಲಿ ಶಾಯಿ ಕಟ್ಟೆ ಕಟ್ಟಿದ್ದರೆ ರಬ್ಬರ್ ಮುದ್ರೆ. ಗೆರೆ ನಡುಗಿ ನಡುಗಿ ನಿಧಾನವಾಗಿ ಸಾಗಿದ್ದರೆ ನೋಡಿಕೊಂಡು ಬರೆದದ್ದು. ಹೆಸರಾಂತ ಕೋಚ್‌ಗಳ ಕಚೇರಿ ಪತ್ರಗಳಿಗೆ ಕಾರ್ಯದರ್ಶಿಗಳೇ ಸಹಿ ಹಾಕುವುದು ಮಾಮೂಲಾಗಿತ್ತು. ಪತ್ರ ಅಸಲಿ, ಸಹಿ ಬೇರೆಯವರದು. ಹಣ ದೊಡ್ಡದಾದರೆ ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ ಪರೀಕ್ಷಕರಿಗೆ ಕಳಿಸಿಯೇ ಕೊಳ್ಳಿ. ಸರ್ಟಿಫಿಕೇಟಿನ ಸಂಖ್ಯೆಯನ್ನು ಅವರದೇ ತಾಣದಲ್ಲಿ ಹಾಕಿ ನೋಡಿ, ಸರ್ಟಿಫಿಕೇಟೇ ನಕಲಿಯಾಗಿರುವುದೂ ಉಂಟು.

ಹಳೆಯ ಚರ್ಮದ ಚೆಂಡಿಗೆ ಗಾಳಿ ತುಂಬಬಹುದೇ?

ಪೂರ್ತಿ ತುಂಬಬಾರದು. ಆಟದ ಚೆಂಡಿಗೆ 12.5ರಿಂದ 13.5 ಪೌಂಡ್ ಒತ್ತಡ ಬೇಕು. ಎಂಬತ್ತು ವರ್ಷದ ಹೊಲಿಗೆ ಅದನ್ನು ತಾಳುವುದಿಲ್ಲ, ಸಹಿ ಇದ್ದರೆ ಚರ್ಮ ಹಿಗ್ಗಿ ಶಾಯಿಯೂ ಬಿರಿಯುತ್ತದೆ. ಒಳಚೀಲ ಗಾಳಿ ಹಿಡಿದರೆ ಆಕಾರ ನಿಲ್ಲುವಷ್ಟು, ಎರಡು ಮೂರು ಪೌಂಡ್ ಸಾಕು. ಒಳಚೀಲ ಒಣಗಿ ಪುಡಿಯಾಗಿದ್ದರೆ ಲೇಸನ್ನು ಸಡಿಲಿಸಿ, ಪಾಲಿಯೆಸ್ಟರ್ ಹತ್ತಿಯನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ ಮೊದಲು ಎರಡು ತುದಿಗೆ, ಆಮೇಲೆ ಹೊಟ್ಟೆಗೆ ತುಂಬಿ. ಲೇಸು ಬಿಚ್ಚುವ ಮುನ್ನ ಫೋಟೋ ತೆಗೆದಿಡಿ, ಅದೇ ತೂತಿಗೆ ಅದೇ ಕ್ರಮದಲ್ಲಿ ಹಾಕಬೇಕು.

ಎಣ್ಣೆ, ಪಾಲಿಶ್, ವಾರ್ನಿಷ್ ಬೇಡ. ಎಣ್ಣೆ ಮೊದಲು ಚೆಂದ ಕಂಡರೂ ಚರ್ಮ ಕಪ್ಪಾಗಿ ದೂಳು ಹಿಡಿಯುತ್ತದೆ. ಮುಟ್ಟಿದಾಗ ಕೈಗೆ ಕೆಂಪು ಪುಡಿ ಹತ್ತಿದರೆ ಚರ್ಮದ ಕೊಳೆ ಶುರುವಾಗಿದೆ, ಅದನ್ನು ಸಂರಕ್ಷಣಾ ತಜ್ಞರಿಗೆ ಬಿಡಿ. ಆಕಾರವೂ ಕಾಲ ಹೇಳುತ್ತದೆ: ಮೊದಲಿನ ಚೆಂಡುಗಳು ಹೊಟ್ಟೆ ಉಬ್ಬಿದ ಕಲ್ಲಂಗಡಿಯ ಹಾಗೆ, ಎಸೆತಕ್ಕೆ ಅನುಕೂಲವಾಗಲೆಂದು 1934ರಲ್ಲಿ ಇನ್ನಷ್ಟು ತೆಳ್ಳಗೆ ಮಾಡಿದರು.

ಚರ್ಮದ ಹೆಲ್ಮೆಟ್, ಉಣ್ಣೆ ಜರ್ಸಿ?

ಮಾರಾಟಕ್ಕೆ ಬರುವ ಚರ್ಮದ ಹೆಲ್ಮೆಟುಗಳಲ್ಲಿ ಬಹುಪಾಲು ಹುಡುಗರಿಗಾಗಿ ಅಂಗಡಿಯಲ್ಲಿ ಮಾರಿದವು. ಕಾಲೇಜಿನ ಹೆಲ್ಮೆಟಿನ ಚರ್ಮ ದಪ್ಪ, ನೆತ್ತಿಯ ಮೇಲೆ ಗಟ್ಟಿ ಫೈಬರ್, ಒಳಗೆ ಫೆಲ್ಟ್ ಅಥವಾ ಪಟ್ಟಿಗಳ ಜಾಲ, ದೊಡ್ಡವರ ತಲೆಯ ಅಳತೆಯ ಮುದ್ರೆ. ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದೇ 1939ರಲ್ಲಿ, ಹಾಗಾಗಿ 1920ರ ದಶಕದ ತಂಡದ ಫೋಟೋದಲ್ಲಿ ಬರಿತಲೆಯವರು ಕಂಡರೆ ಆಶ್ಚರ್ಯವಿಲ್ಲ.

ಜರ್ಸಿಯಲ್ಲಿ ಎದೆ ಮತ್ತು ಬೆನ್ನು ಎರಡೂ ಕಡೆ ಸಂಖ್ಯೆ ಕಡ್ಡಾಯವಾದದ್ದು 1937ರಲ್ಲಿ. ಆಟದಲ್ಲಿ ತೊಟ್ಟದ್ದು ಎಂದರೆ ಆ ಕಾಲದ ಫೋಟೋ ಕೇಳಿ: ತೇಪೆ ಎಲ್ಲಿದೆ, ಸಂಖ್ಯೆ ಎಷ್ಟು ಓರೆಯಾಗಿ ಹೊಲಿದಿದೆ ಎಂಬುದು ಫೋಟೋಗೆ ತಾಳೆಯಾಗಬೇಕು. ಬರೀ ಬಾಯಿಮಾತಿಗೆ ಹಣ ಕೊಡಬೇಡಿ.

ಹೈಸ್ಮನ್ ಟ್ರೋಫಿ ಮಾರಾಟಕ್ಕೆ ಬರುತ್ತದೆಯೇ?

ಅಪರೂಪಕ್ಕೆ. 1935ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್‌ಗೆ ಮೊದಲು ಕೊಟ್ಟ ಈ ಕಂಚಿನ ಟ್ರೋಫಿಗಳಲ್ಲಿ ಹಳೆಯ ಕೆಲವು ಹರಾಜಾಗಿವೆ. ಯೇಲ್‌ನ ಲ್ಯಾರಿ ಕೆಲ್ಲಿಯ 1936ರ ಟ್ರೋಫಿ 1999ರಲ್ಲಿ 3 ಲಕ್ಷ ಡಾಲರಿಗೂ ಮೇಲೆ ಹೋಯಿತು. ಈಚಿನ ವಿಜೇತರು ಮಾರುವುದಿಲ್ಲವೆಂದು ಬರೆದುಕೊಡಬೇಕು.

ಯಾರೂ ಹೆಚ್ಚು ಗಮನ ಕೊಡದ, ಆದರೆ ಕೂಡಿಸಬೇಕಾದ ಕ್ಷೇತ್ರ ಯಾವುದು?

ಎರಡಿವೆ. ಒಂದು, ಕಪ್ಪುವರ್ಣೀಯರ ಕಾಲೇಜುಗಳು: ಗ್ರಾಂಬ್ಲಿಂಗ್, ಫ್ಲಾರಿಡಾ ಎ ಅಂಡ್ ಎಂ, ಟಸ್ಕೀಗಿ, ಹೋವರ್ಡ್. 1892ರ ಡಿಸೆಂಬರ್ 27ರಂದು ನಾರ್ತ್ ಕೆರೊಲಿನಾದ ಸಾಲ್ಸ್‌ಬರಿಯಲ್ಲಿ ಬಿಡಲ್ ಮತ್ತು ಲಿವಿಂಗ್‌ಸ್ಟನ್ ಆಡಿದ ಪಂದ್ಯದಿಂದ ಈ ಪರಂಪರೆ ಶುರು. ಗ್ರಾಂಬ್ಲಿಂಗ್‌ನ ಕೋಚ್ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗಿನ ಅವಧಿಯಲ್ಲಿ 408 ಪಂದ್ಯ ಗೆದ್ದರು. ದೊಡ್ಡ ವಿಶ್ವವಿದ್ಯಾಲಯಗಳ ಹಾಗೆ ಇಲ್ಲಿನ ಕಾಗದಗಳು ರಾಶಿ ರಾಶಿ ಉಳಿದಿಲ್ಲ. 1960ಕ್ಕೆ ಮೊದಲಿನ ಪುಸ್ತಿಕೆ ಕಂಡರೆ ಸ್ಥಿತಿ ಹೇಗಿದ್ದರೂ ಬಿಡಬೇಡಿ.

ಇನ್ನೊಂದು, ಎರಡನೆಯ ಮಹಾಯುದ್ಧದ ಸೇನಾ ತರಬೇತಿ ಕೇಂದ್ರಗಳ ತಂಡಗಳು. ಗ್ರೇಟ್ ಲೇಕ್ಸ್ ನೌಕಾ ಕೇಂದ್ರ 1943ರಲ್ಲಿ ನೋಟರ್ ಡೇಮನ್ನು 19-14ರಿಂದ ಸೋಲಿಸಿತು. ನೌಕಾಪಡೆಯ ಪೈಲಟ್ ತರಬೇತಿ ಕೇಂದ್ರದ ಅಯೋವಾ ಪ್ರೀ-ಫ್ಲೈಟ್ ಇಂಥದೇ ಇನ್ನೊಂದು ತಂಡ. ಯುದ್ಧ ಮುಗಿಯುತ್ತಲೇ ತಂಡಗಳೂ ಮುಗಿದವು. ಹಳೆಯ ವಿದ್ಯಾರ್ಥಿಗಳ ಸಂಘ ಎಂಬುದಿಲ್ಲದ ಕಾರಣ ಇವನ್ನು ಕೇಳುವವರೂ ಕಡಿಮೆ.

ಕಾಗದದ ವಸ್ತುಗಳನ್ನು ಹೇಗೆ ಇಡಬೇಕು? ಬೆಂಗಳೂರು, ಮಂಗಳೂರಿನಲ್ಲಿ ಇಟ್ಟರೆ ಏನಾಗುತ್ತದೆ?

ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವಚ, ಹಿಂದೆ ಆಮ್ಲರಹಿತ ರಟ್ಟು, ಆಮ್ಲರಹಿತ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ. ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆಯ ಪಿವಿಸಿ ಕವಚ ಬೇಡ. ಅದರಿಂದ ಒಸರುವ ದ್ರವ ಮುಖಪುಟದ ಶಾಯಿಯನ್ನು ಎಬ್ಬಿಸಿ ತನಗೇ ಅಂಟಿಸಿಕೊಳ್ಳುತ್ತದೆ. ಪತ್ರಿಕೆ ತುಣುಕನ್ನು ಪುಸ್ತಿಕೆಯೊಳಗೆ ಇಡಬೇಡಿ, ಅದರ ಆಮ್ಲ ಎದುರು ಪುಟದ ಮೇಲೆ ಕಂದು ಚೌಕ ಮೂಡಿಸುತ್ತದೆ.

ತೇವಾಂಶ 35ರಿಂದ 50 ಶೇಕಡಾ ನಡುವೆ ಇರಬೇಕು. ಅಮೆರಿಕದಲ್ಲಿ ಓದಿ ಊರಿಗೆ ಮರಳಿದವರ ಕಪಾಟಿನಲ್ಲಿ ಆಷಾಢ ಶ್ರಾವಣದಲ್ಲಿ ಅದು ಸುಲಭವಾಗಿ 80 ದಾಟುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇನ್ನೂ ಹೆಚ್ಚು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಪೆಟ್ಟಿಗೆಯನ್ನಿಟ್ಟು, ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ಪುಟ್ಟ ತೇವಮಾಪಕವನ್ನೂ ಒಳಗಿಡಿ. ಬಣ್ಣ ತಿರುಗಿದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಇಳಿಸಬೇಡಿ. ಸೆಲ್ಯುಲಾಯ್ಡ್ ಬಿಲ್ಲೆಗಳು ಮಾತ್ರ ಈ ಡಬ್ಬಕ್ಕೆ ಬೇಡ, ಅವಕ್ಕೆ ಗಾಳಿಯಾಡಬೇಕು. ಮನೆಯ ಹೊರಗೋಡೆಗೆ ಒರಗಿದ ಕಪಾಟು ಬಿಟ್ಟು ಒಳಗೋಡೆಯದನ್ನು ಆರಿಸಿ.

ಸ್ಟೇಪಲ್ ಪಿನ್ ತುಕ್ಕು ಹಿಡಿದಿದೆ. ತೆಗೆಯಲೇ?

ತುಕ್ಕು ಪುಡಿಯಾಗಿ ಉದುರುತ್ತಿದ್ದರೆ ಮಾತ್ರ. ನಡುಪುಟ ತೆರೆದು, ಪಿನ್ನಿನ ಕಾಲು ಮತ್ತು ಕಾಗದದ ನಡುವೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಅದರ ಮೇಲೆ ಆನಿಸಿ ಕಾಲುಗಳನ್ನು ಒಂದೊಂದಾಗಿ ನೆಟ್ಟಗೆ ಎತ್ತಿ. ಆಮೇಲೆ ಬೆನ್ನಿನ ಕಡೆಯಿಂದ ಪಿನ್ನನ್ನು ಸಮವಾಗಿ ಹೊರಗೆಳೆಯಿರಿ. ಮುರಿದರೆ ತುಂಡುಗಳನ್ನು ಎರಡೂ ಕಡೆಯಿಂದ ಬೇರೆಬೇರೆ ತೆಗೆಯಿರಿ. ಜಗ್ಗಿದರೆ ಕಾಗದವೂ ಜೊತೆಗೇ ಬರುತ್ತದೆ. ಹೊಸ ಪಿನ್ ಹೊಡೆಯುವ ಬದಲು ಹಳೆಯ ತೂತುಗಳಲ್ಲೇ ಹತ್ತಿದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ. ಮಾರುವಾಗ ಪಿನ್ ಬದಲಾಗಿದೆ ಎಂದು ಹೇಳಲೇಬೇಕು.

ವಸ್ತುಗಳನ್ನಿಟ್ಟುಕೊಂಡು ಹಿರಿಯರ ನೆನಪು ದಾಖಲಿಸುವುದು ಹೇಗೆ?

‘ಆ ಕಾಲ ಹೇಗಿತ್ತು ಹೇಳಿ’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಅಷ್ಟೇ. ಪುಸ್ತಿಕೆಯ ನಡುಪುಟ ತೆರೆದು ಮುಂದಿಡಿ, ಹೆಸರುಗಳ ಮೇಲೆ ಅವರೇ ಬೆರಳಾಡಿಸಲಿ. ಟಿಕೆಟ್ ತುಣುಕಿದ್ದರೆ ವಿಭಾಗ, ಸಾಲು, ಆಸನ ಸಂಖ್ಯೆ ಓದಿ, ಆ ಕಾಲದ ಕ್ರೀಡಾಂಗಣದ ನಕ್ಷೆಯಲ್ಲಿ ಜಾಗ ತೋರಿಸಿ. ಪಕ್ಕದಲ್ಲಿ ಯಾರು ಕೂತಿದ್ದರು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಊರಿಂದ ಹೇಗೆ ಬಂದಿರಿ, ಆಟ ಮುಗಿದ ಮೇಲೆ ಎಲ್ಲಿ ಉಂಡಿರಿ ಎಂದು ಕೇಳಿ. 1970, 80ರ ದಶಕದಲ್ಲಿ ಅಲ್ಲಿಗೆ ಓದಲು ಹೋದ ಕನ್ನಡಿಗರಿದ್ದರೆ ‘ಆಟದ ನಿಯಮ ಯಾರು ಹೇಳಿಕೊಟ್ಟರು?’ ಎಂಬ ಪ್ರಶ್ನೆಯಿಂದ ಶುರು ಮಾಡಿ, ಮಾತು ತಾನೇ ಹರಿಯುತ್ತದೆ.

ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಅಂಕ, ವರ್ಷ ತಪ್ಪು ಹೇಳಿದರೆ ನಡುವೆ ತಿದ್ದಬೇಡಿ; ಅದನ್ನು ಪತ್ರಿಕೆಯಲ್ಲಿ ನೋಡಿ ಟಿಪ್ಪಣಿಯಾಗಿ ಆಮೇಲೆ ಸೇರಿಸಬಹುದು. ಧ್ವನಿಯ ಕಡತಕ್ಕೂ ವಸ್ತುವಿನ ಕವಚಕ್ಕೂ ಒಂದೇ ಸಂಖ್ಯೆ ಕೊಡಿ. ಸಂಖ್ಯೆಯನ್ನು ಕವಚದ ಮೇಲೆ ಬರೆಯಿರಿ, ವಸ್ತುವಿನ ಮೇಲಲ್ಲ. ಪುಟಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ; ಬೆನ್ನು ಬಿಗಿಯಾಗಿದ್ದರೆ ಗಾಜಿಗೆ ಒತ್ತದೆ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ.

ಅಂಚೆಯಲ್ಲಿ ತರಿಸಿಕೊಳ್ಳುವಾಗ ಏನು ಎಚ್ಚರ?

ಪುಸ್ತಿಕೆಯನ್ನು ಕವಚದಲ್ಲಿಟ್ಟು, ಅದಕ್ಕಿಂತ ಎಲ್ಲ ಕಡೆಯೂ ಒಂದಿಂಚು ದೊಡ್ಡದಾದ ಎರಡು ಗಟ್ಟಿ ರಟ್ಟುಗಳ ನಡುವೆ ಕಳಿಸಲು ಹೇಳಿ. ರಟ್ಟಿನ ಗೆರೆಗಳು ಒಂದಕ್ಕೊಂದು ಅಡ್ಡವಾಗಿರಲಿ, ಬಾಗುವುದಿಲ್ಲ. ಟೇಪು ರಟ್ಟಿಗೆ ಮಾತ್ರ. ಅಮೆರಿಕದ ಒಳಗೆ ಅಗ್ಗದ ಮೀಡಿಯಾ ಮೇಲ್ ದರ ಜಾಹೀರಾತು ಇರುವ ಪುಸ್ತಿಕೆಗಳಿಗೆ ಸಲ್ಲುವುದಿಲ್ಲ. ಅಂಚೆಯವರು ಬಿಚ್ಚಿ ನೋಡಿದರೆ ಬಾಕಿ ನೀವು ಕಟ್ಟಬೇಕು. ಭಾರತಕ್ಕೆ ತರಿಸುವುದಾದರೆ ಸುಂಕದ ಲೆಕ್ಕ ಮೊದಲೇ ಹಾಕಿ. ಬೆಲೆ ಕಡಿಮೆ ಬರೆಸಿದರೆ, ಕಳೆದುಹೋದಾಗ ವಿಮೆ ಕೊಡುವುದೂ ಅಷ್ಟೇ.

ಮುಂದೆ ನೋಡಿಕೊಳ್ಳುವವರಿಲ್ಲ. ಯಾರಿಗೆ ಕೊಡಬೇಕು?

ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕಿಂತ ಗ್ರಂಥಾಲಯದ ದಾಖಲೆ ವಿಭಾಗ ಮೇಲು. ಕ್ರೀಡಾ ವಿಭಾಗದಲ್ಲಿ ವಸ್ತುಗಳು ಪಡಸಾಲೆಯ ಬಿಸಿಲಿಗೆ ಬೀಳುವುದೇ ಹೆಚ್ಚು. ಮೊದಲು ಪಟ್ಟಿ ಕಳಿಸಿ: ವಸ್ತು, ವರ್ಷ, ಎದುರಾಳಿ, ಸ್ಥಿತಿ, ಎಲ್ಲಿಂದ ಬಂತು. ಅವರಲ್ಲಿ ಆಗಲೇ ಇರುವ ಪುಸ್ತಿಕೆ ಬೇಡವೆನ್ನಬಹುದು. ಆದರೆ ಪೆನ್ಸಿಲ್ ಬರಹವಿರುವ ಪ್ರತಿ, ಫೋಟೋ ಆಲ್ಬಂ, ಪತ್ರ, ಧ್ವನಿಮುದ್ರಿಕೆಗಳನ್ನು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ದಾನಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ವಿಷಯ ಓದಿ ನೋಡಿ: ಹೆಚ್ಚಾದ ವಸ್ತುಗಳನ್ನು ಮಾರುವ ಹಕ್ಕು ಅವರಿಗಿದೆಯೇ, ಮತ್ತು ಮಾರುವ ಮೊದಲು ನಿಮ್ಮ ಮನೆಯವರನ್ನು ಕೇಳುತ್ತಾರೆಯೇ.